ಮಿಕ್ಸರ್ ತಗೊಳ್ಳೋಕೆ ಮುಂಚೆ ಟ್ರ್ಯಾಕ್ ಎಣಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಲಿ ಮನೇಲೇ ಹಾಡು ರೆಕಾರ್ಡ್ ಮಾಡ್ಕೊಳ್ಳೋ ನಮ್ಮ ಜಿಲ್ಲೆ ಹುಡುಗರ ಬಗ್ಗೆ ಬರೆದಿದ್ರಿ. ಓದಿ ತುಂಬಾ ಖುಷಿ ಆಯ್ತು, ಭಜನೆ ಪದ, ಸೋಬಾನೆ ಪದ, ತತ್ವಪದ ಎಲ್ಲಾ ಹಿಡಿದಿಡಬೇಕು ಅಂತ ಈ ವಯಸ್ಸಿನ ಮಕ್ಕಳಿಗೆ ಅನ್ನಿಸ್ತಿದೆಯಲ್ಲ ಅದೇ ದೊಡ್ಡದು. ಆದ್ರೆ ಅದರಲ್ಲಿ ಒಂದು ಸಾಲು ಇತ್ತು, ಒಂದು ಒಳ್ಳೆ ಮಿಕ್ಸರ್ (ಹಲವು ಮೈಕಿನ ಸದ್ದು ಸೇರಿಸೋ ಪೆಟ್ಟಿಗೆ) ತಗೊಂಡ್ಬಿಟ್ರೆ ಅರ್ಧ ಸ್ಟುಡಿಯೋ ಆದಂಗೆ ಅಂತ. ಆ ಸಾಲು ಓದಿದ ಮೇಲೆ ಸುಮ್ನಿರೋಕೆ ಆಗ್ಲಿಲ್ಲ ಸಾರ್. ಅದೇ ಮಾತು ನಂಬಿ ನಾನು ಮಾಡ್ಕೊಂಡ ನಷ್ಟ ಇವತ್ತಿಗೂ ತುಂಬಿಲ್ಲ, ಇನ್ನು ನಾಲ್ಕು ಜನ ಹಂಗೆ ಮಾಡ್ಕೋಬಾರದು ಅಂತ ಈ ಕಾಗದ ಬರೀತಿದೀನಿ, ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ನಮ್ಮೂರು ಶಿರಾ ತಾಲೂಕಿನ ಒಂದು ಹಟ್ಟಿ. ಕೆಲಸಕ್ಕೆ ಅಂತ ತುಮಕೂರಿಗೆ ಬಂದು ಹದಿನೆಂಟು ವರ್ಷ ಆಯ್ತು, ಕ್ಯಾತ್ಸಂದ್ರದ ಹತ್ರ ಬಾಡಿಗೆ ಮನೆ. ನನ್ನ ಸೋದರಮಾವ ಗಣೆ ಊದೋರು. ಗೊತ್ತಿಲ್ಲದೋರಿಗೆ ಹೇಳ್ತೀನಿ, ಗಣೆ ಅಂದ್ರೆ ಉದ್ದನೆ ಬಿದಿರಿನ ಕೊಳಲು, ಕಾಡುಗೊಲ್ಲರು ಜುಂಜಪ್ಪನ ಕಥೆ ಹಾಡುವಾಗ ಊದೋದು. ಒಂದಷ್ಟು ಸಾಲು ಹಾಡ್ತಾರೆ, ನಿಲ್ಲಿಸಿ ಗಣೆ ಊದ್ತಾರೆ, ಮತ್ತೆ ಹಾಡ್ತಾರೆ, ಹಂಗೇ ರಾತ್ರಿ ಕಳೆದೋಗುತ್ತೆ. ಸದ್ದು ದೊಡ್ಡದಲ್ಲ. ಉಸಿರು ಸ್ವರ ಎರಡೂ ಕಲಸ್ಕೊಂಡು ತಗ್ಗಲ್ಲಿ ಬರುತ್ತೆ, ಹತ್ರ ಕೂತೋರಿಗೆ ಪೂರ್ತಿ ಕೇಳುತ್ತೆ, ಜಗಲಿ ಆಚೆ ನಿಂತೋರಿಗೆ ಅರ್ಧ ಕೇಳುತ್ತೆ.

2017ರಲ್ಲಿ ಇದನ್ನ ರೆಕಾರ್ಡ್ ಮಾಡ್ಲೇಬೇಕು ಅಂತ ತೀರ್ಮಾನ ಮಾಡಿ, ಚೀಟಿ ದುಡ್ಡು ಬಂದಿತ್ತು, ಬೆಂಗಳೂರಿಗೆ ಹೋಗಿ ಒಂದು ಅಂಗಡಿಲಿ ಹದಿನಾಲ್ಕೂವರೆ ಸಾವಿರ ಕೊಟ್ಟು ಒಂದು ಮಿಕ್ಸರ್ ತಂದೆ. ಅಂಗಡಿ ಹೆಸರೂ ಬೇಡ ಕಂಪನಿ ಹೆಸರೂ ಬೇಡ. ಡಬ್ಬದ ಮೇಲೆ ಎಂಟು ಚಾನಲ್, ಯುಎಸ್‌ಬಿ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಅಂಗಡಿಯವರೂ "ಎಲ್ಲಾ ಮೈಕ್ ಇದಕ್ಕೇ ಹಾಕಿ ಸಾರ್, ಡೈರೆಕ್ಟಾಗಿ ಲ್ಯಾಪ್‌ಟಾಪಿಗೆ ಹೋಗುತ್ತೆ" ಅಂದ್ರು. ಹೋಗುತ್ತೆ, ನಿಜ. ಹೆಂಗೆ ಹೋಗುತ್ತೆ ಅಂತ ನಾನು ಕೇಳಲಿಲ್ಲ, ಕೇಳಬೇಕು ಅಂತ ಗೊತ್ತೂ ಇರಲಿಲ್ಲ.

ಒಂದು ಶನಿವಾರ ರಾತ್ರಿ ಹಟ್ಟಿಲಿ ಮಾವನ ಮನೆ ಜಗಲಿ ಮೇಲೆ ಕೂರಿಸಿದೆ. ಮಾವನಿಗೆ ಒಂದು ಮೈಕ್, ಸೊಲ್ಲು ಹಿಡಿಯೋ ಇಬ್ಬರಿಗೆ ಒಂದು, ತಾಳ ಹಾಕೋ ಹುಡುಗನಿಗೆ ಒಂದು. ಮಾವ ಅವತ್ತು ಹಾಡಿದ ಹಂಗೆ ನಾನು ಯಾವತ್ತೂ ಕೇಳಿರಲಿಲ್ಲ. ಬೆಳಗಿನ ಜಾವ ಮೂರಕ್ಕೆ ನಿಲ್ಲಿಸಿದ್ರು. ಮಾರನೆ ದಿನ ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದು ನೋಡಿದ್ರೆ ಮೂರು ಮೈಕಿಗೆ ಮೂರು ಪಟ್ಟಿ, ಅಂದ್ರೆ ಮೂರು ಟ್ರ್ಯಾಕ್, ಇಲ್ಲ. ಎಲ್ಲಾ ಎಡ ಬಲ ಅನ್ನೋ ಒಂದೇ ಸ್ಟೀರಿಯೋ ಜೋಡಿಲಿ ಕಲಸಿ ಕೂತಿದೆ. ತಾಳದ ಠಣ್ ಠಣ್ ಎಲ್ಲಕ್ಕಿಂತ ಮೇಲೆ, ಹಾಡು ನಡುವೆ, ಗಣೆ ಎಲ್ಲೋ ತಳದಲ್ಲಿ, ಗಣೆ ಕೇಳಲಿ ಅಂತ ವಾಲ್ಯೂಮ್ ಏರಿಸಿದ್ರೆ ಒಗ್ಗರಣೆಗೆ ಹಸಿ ಸೊಪ್ಪು ಹಾಕಿದಂಗೆ ಸ್ಸ್ಸ್ ಅನ್ನೋ ಸದ್ದು ಅದರ ಜೊತೆಗೇ ಏರುತ್ತೆ. ತಾಳ ತಗ್ಗಿಸೋಕೆ ಹೋದ್ರೆ ಗಣೆನೂ ತಗ್ಗುತ್ತೆ. ಹಾಲಿಗೆ ಬಿದ್ದ ನೀರು ಬೇರೆ ಮಾಡೋಕಾಗುತ್ತಾ?

ಹಬ್ಬಕ್ಕೆ ಊರಿಗೆ ಹೋದಾಗ ಮಾವನ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿ ಐದು ನಿಮಿಷ ಕೇಳಿದ್ರು, ಆಮೇಲೆ "ಏನ್ಲಾ ಅಳಿಯ, ಎಲ್ಲಾ ಐತೆ, ನನ್ ಗಣೆ ಎಲ್ಲೋಯ್ತು?" ಅಂದ್ರು. ಮುಂದಿನ ಸಲ ಸರಿಯಾಗಿ ಮಾಡ್ತೀನಿ ಮಾವ ಅಂದೆ. ಆ ಮುಂದಿನ ಸಲ ಬರ್ಲೇ ಇಲ್ಲ. ಮಾರನೆ ವರ್ಷ ಅವರ ಮುಂದಿನ ಹಲ್ಲು ನಾಲ್ಕೂ ಹೋದ್ವು. ಹಲ್ಲು ಹೋದ ಮೇಲೆ ತುಟಿ ನಿಲ್ಲಲ್ಲ, ತುಟಿ ನಿಲ್ಲದಿದ್ರೆ ಗಣೆ ಅಂಚಿಗೆ ಉಸಿರು ಸರಿಯಾಗಿ ಬೀಳಲ್ಲ. ಕಟ್ಟಿಸಿದ ಹಲ್ಲು ಹಾಕ್ಕೊಂಡು ನೋಡಿದ್ರು, ಆಗ್ಲಿಲ್ಲ. ಈಗಲೂ ಹಾಡ್ತಾರೆ, ಊದಲ್ಲ. ಅವರು ಊದಿದ್ದು ಅಂತ ನನ್ನತ್ರ ಇರೋದು ಆ ಒಂದು ರಾತ್ರಿದು ಮಾತ್ರ.

ಆಮೇಲೆ ಇದರ ಬಗ್ಗೆ ಓದ್ತಾ, ತಿಳಿದೋರನ್ನ ಕೇಳ್ತಾ, ಹಳೇ ಸಾಮಾನು ತಗೊಂಡು ಮಾರ್ತಾ ಏಳೆಂಟು ವರ್ಷ ಆಯ್ತು. ಆಗ ಯಾರಾದ್ರೂ ಕನ್ನಡದಲ್ಲಿ ಹತ್ತು ಮಾತು ಹೇಳಿದ್ರೆ ಸಾಕಾಗಿತ್ತು ಅನ್ನಿಸುತ್ತೆ, ಅದನ್ನೇ ಈಗ ಹೇಳ್ತೀನಿ.

ಮಿಕ್ಸರಿಗೂ ರೆಕಾರ್ಡಿಂಗಿಗೂ ಮೂಲದಲ್ಲೇ ಕೆಲಸ ಬೇರೆ. ಮಿಕ್ಸರ್ ಹುಟ್ಟಿದ್ದೇ ಹತ್ತು ಸದ್ದನ್ನ ಸೇರಿಸಿ ಎರಡು ಸ್ಪೀಕರಿಗೆ ಕಳಿಸೋಕೆ. ಗಣೇಶನ ಪೆಂಡಾಲಿಗೆ, ಹರಿಕಥೆಗೆ, ಮದುವೆ ಮನೆಗೆ ಅದು ಬೇಕೇ ಬೇಕು. ಆದ್ರೆ ಮನೇಲಿ ರೆಕಾರ್ಡ್ ಮಾಡೋನಿಗೆ ಸೇರಿಸೋ ಕೆಲಸ ಆಮೇಲೆ ನಿಧಾನಕ್ಕೆ ಕೂತು ಮಾಡೋದು, ಮೊದಲು ಬೇಕಾಗಿರೋದು ಪ್ರತಿ ಮೈಕಿನ ಸದ್ದು ಬೇರೆ ಬೇರೆಯಾಗಿ ಒಳಗೆ ಬರೋದು. ಕಮ್ಮಿ ರೇಟಿನ ಬಹಳಷ್ಟು ಯುಎಸ್‌ಬಿ ಮಿಕ್ಸರ್‌ಗಳು ಎಲ್ಲಾ ಸೇರಿಸಿಬಿಟ್ಟ ಮೇಲೆ ಬರೀ ಎರಡು ಚಾನಲ್ ಕಂಪ್ಯೂಟರಿಗೆ ಕಳಿಸ್ತವೆ. ಜೊತೆಗೆ ಎಷ್ಟೋ ಮಿಕ್ಸರಲ್ಲಿ ಬಾಸ್ ಟ್ರೆಬಲ್ ಗುಂಡಿ ತಿರುಗಿಸಿದ್ದು, ಎಕೋ ಹಾಕಿದ್ದು, ಕಂಪ್ರೆಸರ್ ಏರಿಸಿದ್ದು ಎಲ್ಲಾ ಅದರಲ್ಲೇ ಬೆರೆತು ಹೋಗಿರುತ್ತೆ, ಆಮೇಲೆ ತೆಗೆಯೋಕೆ ಬರಲ್ಲ. ಇನ್ನು ಡಬ್ಬದ ಮೇಲಿನ ನಂಬರು. ಉದಾಹರಣೆಗೆ ಯಮಹಾ ಎಂಜಿ10ಎಕ್ಸ್‌ಯು ಅಂತ ಒಂದಿದೆ, ಒಳ್ಳೆ ಗಟ್ಟಿ ಮಿಕ್ಸರ್, ಭಜನೆ ಮಂಡಳಿಗೆ ನಾನೇ ತೆಗೆಸಿಕೊಟ್ಟಿದೀನಿ. ಅದರ ಹೆಸರಲ್ಲಿ 10 ಇದೆ, ಮೈಕ್ ಪ್ರಿಆಂಪ್, ಅಂದ್ರೆ ಮೈಕಿಂದ ಬರೋ ಸಣ್ಣ ಸದ್ದನ್ನ ಏರಿಸೋ ಭಾಗ, ಇರೋದು 4, ಮಿಕ್ಕಿದ್ದು ಕೀಬೋರ್ಡು ಮೊಬೈಲು ಅಂಥವಕ್ಕೆ ಇರೋ ಸ್ಟೀರಿಯೋ ಲೈನ್ ಜೋಡಿಗಳು, ಒಂದೊಂದು ಜೋಡಿನ ಎರಡೆರಡು ಅಂತ ಎಣಿಸಿರ್ತಾರೆ. ಕಂಪ್ಯೂಟರಿಗೆ ಹೋಗೋದು 2. ಇದನ್ನ ಕಂಪನಿ ಮುಚ್ಚಿಟ್ಟಿಲ್ಲ, ಅವರ ಸ್ಪೆಸಿಫಿಕೇಶನ್ ಹಾಳೆಲೇ ಸ್ಪಷ್ಟವಾಗಿ ಇದೆ, ಓದೋ ಅಭ್ಯಾಸ ನಮಗೆ ಬೇಕು. ಯಾವುದೇ ಕಂಪನಿದಾದ್ರೂ ಅಂಗಡಿಲಿ ಮೂರು ನಂಬರ್ ಬೇರೆ ಬೇರೆ ಕೇಳಿ. ಒಟ್ಟು ಚಾನಲ್ ಎಷ್ಟು, ಅದರಲ್ಲಿ ಮೈಕ್ ಪ್ರಿಆಂಪ್ ಎಷ್ಟು, ಯುಎಸ್‌ಬಿಲಿ ಬೇರೆ ಬೇರೆ ಟ್ರ್ಯಾಕಾಗಿ ಹೋಗೋದು ಎಷ್ಟು. ಮೂರನೆ ನಂಬರ್ ಹೇಳೋಕೆ ತಡವರಿಸಿದ್ರೆ ಅವತ್ತು ದುಡ್ಡು ಕೊಡಬೇಡಿ, ಮನೆಗೆ ಬಂದು ಮ್ಯಾನ್ಯುಯಲ್ ಹುಡುಕಿ ಓದಿ.

ಹಂಗಂತ ಮಿಕ್ಸರ್ ಮುಟ್ಟಲೇಬೇಡಿ ಅಂತ ಅಲ್ಲ. ಬೇರೆ ಬೇರೆ ಟ್ರ್ಯಾಕ್ ಕಳಿಸೋ ಮಿಕ್ಸರ್‌ಗಳೂ ಇದಾವೆ, ಸೌಂಡ್‌ಕ್ರಾಫ್ಟ್ ಸಿಗ್ನೇಚರ್ 12 ಎಂಟಿಕೆ ಹಂಗೆ ಕಳಿಸುತ್ತೆ. ಝೂಮ್ ಕಂಪನಿದು ಎಲ್-8 ಅಂತ ಇದೆ, ಆರು ಮೈಕ್ ಪ್ರಿಆಂಪ್, ಲ್ಯಾಪ್‌ಟಾಪೇ ಇಲ್ಲದೆ ಎಸ್‌ಡಿ ಕಾರ್ಡಿಗೆ ಒಂದೊಂದು ಚಾನಲ್ ಬೇರೆ ಬೇರೆಯಾಗಿ ಬರ್ಕೊಳ್ಳುತ್ತೆ, ನಾಲ್ಕು ಪೆನ್‌ಟಾರ್ಚ್ ಸೆಲ್ ಹಾಕಿದ್ರೂ ಓಡುತ್ತೆ. ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗದ ಹಟ್ಟಿಗಳಲ್ಲಿ, ಜಾತ್ರೆ ಬಯಲಲ್ಲಿ ರೆಕಾರ್ಡ್ ಮಾಡೋರಿಗೆ ಅಂಥದ್ದೇ ಸರಿ ಅಂತ ನನ್ನ ಅನಿಸಿಕೆ. ಮನೇಲಿ ಒಬ್ಬರೇ ಹಾಡ್ಕೊಂಡು ಹಾರ್ಮೋನಿಯಂ ನುಡಿಸೋರಿಗೆ ಮಿಕ್ಸರ್ ಬೇಡವೇ ಬೇಡ, ಎರಡು ಪ್ರಿಆಂಪಿನ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಅಂದ್ರೆ ಮೈಕಿನ ಸದ್ದನ್ನ ಬೇರೆ ಬೇರೆಯಾಗಿ ಕಂಪ್ಯೂಟರಿಗೆ ಕೊಡೋ ಸಣ್ಣ ಪೆಟ್ಟಿಗೆ, ಸಾಕು, ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ತರದ್ದು. ನಾಲ್ಕು ಜನ ಒಟ್ಟಿಗೆ ಕೂರೋದಾದ್ರೆ ನಾಲ್ಕು ಪ್ರಿಆಂಪಿಂದು, ಬೆರಿಂಜರ್ ಯುಎಂಸಿ404ಎಚ್‌ಡಿ ಅಂಥದ್ದು. ಮುಂದೆ ಮೇಳ ದೊಡ್ಡದಾಗುತ್ತೆ ಅನ್ನೋರು ಏಡಾಟ್ ಅನ್ನೋ ಆಪ್ಟಿಕಲ್ ಇನ್‌ಪುಟ್ ಇರೋದನ್ನ ತಗೊಳ್ಳಿ, ಆ ಒಂದು ತೂತಿಗೆ ಎಂಟು ಪ್ರಿಆಂಪಿನ ಇನ್ನೊಂದು ಪೆಟ್ಟಿಗೆ ಆಮೇಲೆ ಸೇರಿಸ್ಕೋಬಹುದು, ಮೊದಲಿನದ್ದನ್ನ ಮಾರಬೇಕಾಗಿಲ್ಲ.

ಈಗ ಪ್ರಿಆಂಪ್ ವಿಷಯ. ನನ್ನ ಮಾವನ ಗಣೆ ತಪ್ಪಿಹೋಗಿದ್ದರಲ್ಲಿ ಅರ್ಧ ಪಾಲು ಇದರದ್ದೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಮೈಕಿಂದ ಬರೋ ವೋಲ್ಟೇಜ್ ತೀರಾ ಸಣ್ಣದು. ಎಲ್ಲಾ ಆರ್ಕೆಸ್ಟ್ರಾದಲ್ಲೂ ನೋಡಿರ್ತೀರಲ್ಲ ಶೂರ್ ಎಸ್‌ಎಂ58, 1966ರಿಂದ ಬರ್ತಿರೋ ಮೈಕು, ಅದರ ಮುಂದೆ 94 ಡೆಸಿಬಲ್ ಸದ್ದು ಮಾಡಿದ್ರೆ ಸುಮಾರು 1.85 ಮಿಲಿವೋಲ್ಟ್ ಕೊಡುತ್ತೆ. 94 ಅಂದ್ರೆ ಜೋರು. ಒಂದು ಮೀಟರ್ ದೂರದಿಂದ ಸಾಧಾರಣವಾಗಿ ಮಾತಾಡಿದ್ರೆ 60 ಡೆಸಿಬಲ್ ಆಸುಪಾಸು, ಆಗ ಬರೋದು ಅದರ ಐವತ್ತನೇ ಒಂದು ಪಾಲು. ಇಷ್ಟು ಸಣ್ಣದನ್ನ ಕೆಲಸಕ್ಕೆ ಬರೋ ಮಟ್ಟಕ್ಕೆ ಏರಿಸೋದೇ ಪ್ರಿಆಂಪ್, ಅದು ಏರಿಸೋದಕ್ಕೆ ಗೇನ್ ಅಂತಾರೆ, 60 ಡೆಸಿಬಲ್ ಗೇನ್ ಅಂದ್ರೆ ಸಾವಿರ ಪಟ್ಟು. ಸಾವಿರ ಪಟ್ಟು ಏರಿಸುವಾಗ ಪ್ರಿಆಂಪಿನ ಸ್ವಂತ ಗೊರಗೊರನೂ ಜೊತೆಗೇ ಏರುತ್ತೆ. ಅದಕ್ಕೆ ತಗ್ಗು ಸದ್ದಿನ ಗಣೆಗೆ, ತಂಬೂರಿಗೆ, ಅಜ್ಜಿ ಗುನುಗೋ ಜೋಗುಳಕ್ಕೆ ಪ್ರಿಆಂಪ್ ಗುಣ ಮುಖ್ಯ. ಅದೇ ತಮಟೆ ಆದ್ರೆ ಲೆಕ್ಕ ಪೂರ್ತಿ ತಿರುವುಮುರುವು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗೆ ಪದ್ಮಶ್ರೀ ಬಂದಾಗ ನಮ್ಮ ಸೀಮೆಯೆಲ್ಲಾ ಖುಷಿಪಟ್ಟಿತ್ತು, ಆ ತಮಟೆ ಹತ್ರ ಮೈಕ್ ಇಟ್ರೆ ಗೇನ್ ಗುಂಡಿ ತಿರುಗಿಸೋದೇ ಬೇಡ, ಬದಲಿಗೆ ಸದ್ದು ಒಡೀದೇ ಇರೋಕೆ ತಗ್ಗಿಸೋ ಪ್ಯಾಡ್ ಬಟನ್ ಇದೆಯಾ ಅಂತ ನೋಡಬೇಕು. ನೀವು ಹಿಡಿಯೋಕೆ ಹೊರಟಿರೋ ಸದ್ದು ಯಾವುದು ಅಂತ ತಿಳ್ಕೊಳ್ಳದೆ ಯಾವ ಪ್ರಿಆಂಪ್ ಒಳ್ಳೇದು ಅಂತ ಯಾರೂ ಹೇಳೋಕಾಗಲ್ಲ.

ಸ್ಪೆಸಿಫಿಕೇಶನ್ ಹಾಳೆಲಿ ಇಐಎನ್ ಅಂತ ಒಂದು ನಂಬರ್ ಇರುತ್ತೆ, ಮೈನಸ್ಸಲ್ಲಿ, ಪ್ರಿಆಂಪಿನ ಸ್ವಂತ ಸದ್ದು ಎಷ್ಟು ಅಂತ ಹೇಳೋದು. ಮೈನಸ್ 128 ಡಿಬಿಯು ಸುತ್ತಮುತ್ತ ಇದ್ರೆ ತುಂಬಾ ಚೆನ್ನಾಗಿದೆ ಅಂತ ಅರ್ಥ. 150 ಓಮ್ ಮೈಕಿಗೆ ಪ್ರಕೃತಿ ನಿಯಮದ ಪ್ರಕಾರವೇ ಮೈನಸ್ 131ರ ಕೆಳಗೆ ಹೋಗೋಕಾಗಲ್ಲ, ಆ 150 ಓಮ್ ರೆಸಿಸ್ಟೆನ್ಸಿಂದಲೇ ಅಷ್ಟು ಸದ್ದು ಹುಟ್ಟುತ್ತೆ. ಅಂದ್ರೆ ಇವತ್ತಿನ ಸಾಧಾರಣ ರೇಟಿನ ಒಳ್ಳೆ ಇಂಟರ್‌ಫೇಸಿಗೂ ಲಕ್ಷ ರೂಪಾಯಿ ಪ್ರಿಆಂಪಿಗೂ ಈ ಸ್ಸ್ ಸದ್ದಿನ ವಿಷಯದಲ್ಲಿ ಇರೋ ಅಂತರ ಎರಡು ಮೂರು ಡೆಸಿಬಲ್. ಲಕ್ಷದ್ದಕ್ಕೆ ಬೇರೆ ಗುಣ ಇರಬಹುದು, ನಾನು ಇಲ್ಲ ಅನ್ನಲ್ಲ, ಆದ್ರೆ ಸಾಲ ಮಾಡಿ ಅದನ್ನ ತಗೊಳ್ಳಿ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ. ಟ್ಯೂಬ್ ಪ್ರಿಆಂಪ್ ಅಂತ ಒಳಗೆ ಕೆಂಪಗೆ ಉರಿಯೋದು ತೋರಿಸ್ತಾರೆ, ಅದು ಸದ್ದಿಗೆ ತನ್ನದೊಂದು ಬಣ್ಣ ಹಚ್ಚುತ್ತೆ, ಹಚ್ಚಿದ ಬಣ್ಣ ತೆಗೆಯೋಕಾಗಲ್ಲ, ಮೊದಲ ಸಲ ತಗೊಳ್ಳೋರು ಸ್ವಚ್ಛವಾಗಿರೋದನ್ನೇ ತಗೊಳ್ಳಿ. ಇನ್ನೊಂದು ತಪ್ಪು ನಾನು ನಾಲ್ಕೈದು ಮನೇಲಿ ಕಣ್ಣಾರೆ ನೋಡಿದೀನಿ, ಬೇರೆ ಪ್ರಿಆಂಪ್ ತಂದು ಅದರ ಔಟ್‌ಪುಟ್ಟನ್ನ ಇಂಟರ್‌ಫೇಸಿನ ಮೈಕ್ ತೂತಿಗೇ ಹಾಕಿರ್ತಾರೆ. ಅಲ್ಲಿಗೆ ಒಂದು ಪ್ರಿಆಂಪ್ ದಾಟಿ ಇನ್ನೊಂದು ಪ್ರಿಆಂಪಿಗೆ ಹೋದಂಗಾಯ್ತು. ಮೊದಲೇ ಏರಿಸಿದ ಸದ್ದು ತಗೊಳ್ಳೋ ಲೈನ್ ಇನ್‌ಪುಟ್ಟಿಗೆ ಹಾಕಬೇಕು.

ಗೇನ್ ಎಷ್ಟಿದೆ ಅನ್ನೋದನ್ನೂ ನೋಡಿ. ಅದೇ ಸ್ಕಾರ್ಲೆಟ್ 2ಐ2 ಮೂರನೇ ತಲೆಮಾರಿನದ್ದರಲ್ಲಿ 56 ಡೆಸಿಬಲ್ ಇತ್ತು, ನಾಲ್ಕನೇದ್ದರಲ್ಲಿ 69 ಆಯ್ತು. ಜೋರಾಗಿ ಹಾಡೋರಿಗೆ ಎರಡೂ ಒಂದೇ, ಎಸ್‌ಎಂ58 ತರದ ಡೈನಮಿಕ್ ಮೈಕಲ್ಲಿ ಗಣೆ ಹಿಡಿಯೋನಿಗೆ ಆ ಹದಿಮೂರು ಡೆಸಿಬಲ್ ಬಂಗಾರ. ಹಳೇದೇ ಇದ್ದು ಗೇನ್ ಸಾಲದಿದ್ರೆ ಮೈಕಿಗೂ ಕೇಬಲ್ಲಿಗೂ ನಡುವೆ ಸಿಕ್ಕಿಸೋ ಸಣ್ಣ ಬೂಸ್ಟರ್ ಬರ್ತವೆ, ಕ್ಲೌಡ್‌ಲಿಫ್ಟರ್, ಫೆಟ್‌ಹೆಡ್ ಅಂತ, 25 ಡೆಸಿಬಲ್ ಆಸುಪಾಸು ಏರಿಸ್ತವೆ, 48 ವೋಲ್ಟ್ ಫ್ಯಾಂಟಮ್ ಪವರ್ (ಇಂಟರ್‌ಫೇಸು ಮೈಕ್ ಕೇಬಲ್ಲಲ್ಲೇ ಕಳಿಸೋ ಕರೆಂಟು) ಆನ್ ಮಾಡಿದ್ರೆ ಮಾತ್ರ ಕೆಲಸ ಮಾಡ್ತವೆ.

ಆದ್ರೆ ನನ್ನ ಅನುಭವದಲ್ಲಿ ಪ್ರಿಆಂಪಿಗೆ ದುಡ್ಡು ಸುರಿಯೋಕೆ ಮುಂಚೆ ಮೈಕ್ ಬದಲಾಯಿಸಿ. ರೋಡ್ ಎನ್‌ಟಿ1-ಎ ಅಂಥ ಕಂಡೆನ್ಸರ್ ಮೈಕು ಅದೇ 94 ಡೆಸಿಬಲ್ಲಿಗೆ ಸುಮಾರು 25 ಮಿಲಿವೋಲ್ಟ್ ಕೊಡುತ್ತೆ, ಎಸ್‌ಎಂ58ರ ಹದಿಮೂರು ಪಟ್ಟು. ಆಗ ಪ್ರಿಆಂಪ್ ಮೇಲಿನ ಹೊರೆ ಅಷ್ಟೂ ಇಳಿಯಿತು. ಅದಕ್ಕೂ 48 ವೋಲ್ಟ್ ಬೇಕು. ಅದರ ಕಷ್ಟ ಏನಂದ್ರೆ ಎಲ್ಲಾ ಕೇಳಿಸ್ಕೊಳ್ಳುತ್ತೆ. ನಮ್ಮನೆ ಕ್ಯಾತ್ಸಂದ್ರ ರೈಲ್ವೆ ಗೇಟ್ ಕಡೆ ಇರೋದ್ರಿಂದ ರೈಲು, ಹೈವೇ ಲಾರಿ, ಪಕ್ಕದ ಮನೆ ಕುಕ್ಕರ್ ಎಲ್ಲಾ ಒಳಗೆ ಬರುತ್ತೆ, ರಾತ್ರಿ ಹನ್ನೊಂದರ ಮೇಲೇ ನಾನು ಕೂರೋದು.

ಮತ್ತೆ ದುಡ್ಡೇ ಬೇಡದ ಪ್ರಿಆಂಪ್ ಒಂದಿದೆ, ಅದು ದೂರ. ಮೈಕ್ ಇರೋ ದೂರ ಅರ್ಧ ಮಾಡಿದ್ರೆ ಆರು ಡೆಸಿಬಲ್ ಸಿಗುತ್ತೆ. ಅವತ್ತು ರಾತ್ರಿ ಮಾವನ ಮೈಕು ನಾಲ್ಕು ಅಡಿ ದೂರದಲ್ಲಿತ್ತು, ಎದುರಿಗೆ ಕಂಬಿ ಇಟ್ರೆ ಹಿರಿಯರಿಗೆ ಮುಜುಗರ ಆಗುತ್ತೆ ಅಂತ ನಾನೇ ದೂರ ಇಟ್ಟಿದ್ದೆ. ಒಂದು ಅಡಿಗೆ ತಂದಿದ್ರೆ ಹನ್ನೆರಡು ಡೆಸಿಬಲ್ ಹೆಚ್ಚಿಗೆ ಬರ್ತಿತ್ತು, ಅಂದ್ರೆ ನಾಲ್ಕು ಪಟ್ಟು, ತಾಳ ಮಾತ್ರ ಇದ್ದಲ್ಲೇ ಇರ್ತಿತ್ತು. ಆ ಒಂದು ಕೆಲಸ ಮಾಡಿದ್ರೆ ಆ ಸೆಕೆಂಡ್ ಕ್ಲಾಸ್ ಮಿಕ್ಸರಲ್ಲೂ ಗಣೆ ಉಳೀತಿತ್ತು ಸಾರ್. ಇದನ್ನ ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತೆ. ಗಣೆಗೆ ಮೈಕು ಉಸಿರಿನ ದಾರಿಗೆ ನೇರ ಇಡಬೇಡಿ, ಊದೋ ತುಟಿಯಿಂದ ಸ್ವಲ್ಪ ಪಕ್ಕಕ್ಕೆ, ಕೊಳವೆ ನಡುವಿನ ಕಡೆಗೆ ಮುಖ ಮಾಡಿ ಇಡಿ, ಗಾಳಿ ಹೊಡೆತ ಬೀಳಲ್ಲ, ಬೆರಳು ತೂತಿನ ಮೇಲೆ ಕೂರೋ ಸಣ್ಣ ಸದ್ದೂ ಬರುತ್ತೆ, ಅದು ಬರಲಿ ಬಿಡಿ, ಚೆನ್ನಾಗಿರುತ್ತೆ.

ಗೋಡೆಗೆ ಅಂಟಿಸೋ ಫೋಮು ಅಂತ ಆನ್‌ಲೈನಲ್ಲಿ ತರಿಸ್ತಾರೆ, ತೆಳ್ಳಗಿರೋದು ಅಷ್ಟೇನೂ ಕೆಲಸ ಮಾಡಲ್ಲ. ನಮ್ಮ ಕಡೆ ಕುರಿ ಕಂಬಳಿ ಇಲ್ಲದ ಮನೆ ಉಂಟಾ? ದಪ್ಪನೆ ಕಂಬಳಿ ಎರಡು ತಗೊಂಡು ಹಾಡೋರ ಬೆನ್ನ ಹಿಂದೆ ಗೋಡೆಗೆ ಅಂಟದಂಗೆ ಒಂದು ಗೇಣು ಬಿಟ್ಟು ಹಗ್ಗಕ್ಕೆ ನೇತುಹಾಕಿ, ಖಾಲಿ ರೂಮಿನ ಆ ಡಬ್ಬದೊಳಗಿನ ಸದ್ದು ಎಷ್ಟು ಇಳಿಯುತ್ತೆ ನೋಡಿ. ಗಾಜಿನ ಕಿಟಕಿಗೂ ಒಂದು. ನಾನು ಮಾವನ ಹಳೇ ಕಂಬಳಿನೇ ಇಟ್ಕೊಂಡಿದೀನಿ.

ಕರೆಂಟಿನ ವಿಷಯದಲ್ಲಿ ಮಾತ್ರ ಕೈಮುಗಿದು ಕೇಳ್ಕೋತೀನಿ. ರೆಕಾರ್ಡಿಂಗಲ್ಲಿ ಗುಂಯ್ ಅಂತ ಬಂದ್ರೆ ಅದು 50 ಹರ್ಟ್ಜ್ ಕರೆಂಟಿನ ಸದ್ದು. ಅದು ಹೋಗಲಿ ಅಂತ ಪ್ಲಗ್ಗಿನ ಮೂರನೇ ಪಿನ್ನು, ಆ ದಪ್ಪನೆ ಅರ್ತಿಂಗ್ ಪಿನ್ನು ಕಟ್ ಮಾಡೋರನ್ನ ನೋಡಿದೀನಿ. ಯಾವ ಕಾರಣಕ್ಕೂ ಮಾಡಬೇಡಿ, ಕಬ್ಬಿಣದ ಮೈಕ್ ತುಟಿಗೆ ಹತ್ರ ಇರುತ್ತೆ, ಜೀವ ಹೋಗುತ್ತೆ. ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಲಿ ಓಡಿಸಿ ನೋಡಿ, ಬಹಳ ಸಲ ಅಷ್ಟಕ್ಕೇ ಹೋಗುತ್ತೆ. ಎಲ್ಲಾ ಸಾಮಾನಿಗೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಂದ ಕರೆಂಟ್ ಕೊಡಿ, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲೇ ಬಳಸಿ, ಮೈಕ್ ಕೇಬಲ್ಲನ್ನ ಕರೆಂಟ್ ವೈರ್ ಪಕ್ಕದಲ್ಲೇ ಉದ್ದಕ್ಕೂ ಎಳೀಬೇಡಿ.

ಲೆವೆಲ್ ಕೆಂಪಿಗೆ ಹೋಗೋವರೆಗೂ ಏರಿಸೋ ಅಭ್ಯಾಸ ಕ್ಯಾಸೆಟ್ ಕಾಲದ್ದು. ಈಗ 24 ಬಿಟ್‌ಲಿ ರೆಕಾರ್ಡ್ ಮಾಡೋದ್ರಿಂದ ಜೋರಾದ ಸದ್ದು ಸಾಫ್ಟ್‌ವೇರ್ ಮೀಟರಲ್ಲಿ ಮೈನಸ್ 12 ಡೆಸಿಬಲ್ ಹತ್ರ ನಿಂತ್ರೆ ಸಾಕು, ಹಿರಿಯರು ಉತ್ಸಾಹ ಬಂದು ದನಿ ಏರಿಸಿದಾಗ ಒಡೆಯಲ್ಲ. ಒಡೆದ ಸದ್ದು ಯಾರ ಕೈಲೂ ಕೂಡಿಸೋಕಾಗಲ್ಲ. ಸಾಫ್ಟ್‌ವೇರ್ ಅಡಾಸಿಟಿ ಫ್ರೀ, ಒಬ್ಬರು ಇಬ್ಬರಿಗೆ ಅದೇ ಸಾಕು. ಆದ್ರೆ ವಿಂಡೋಸಲ್ಲಿ ಅದರ ಬಹಳಷ್ಟು ವರ್ಷನ್‌ಗಳ ಜೊತೆ ಆಸಿಯೋ ಡ್ರೈವರ್ (ಇಂಟರ್‌ಫೇಸಿನ ಎಲ್ಲಾ ಚಾನಲ್ ಸಾಫ್ಟ್‌ವೇರಿಗೆ ತಲುಪಿಸೋದು) ಸಪೋರ್ಟ್ ಬಂದಿಲ್ಲ, ಅಂಥದ್ರಲ್ಲಿ ನಾಲ್ಕು ಮೈಕಿನ ಇಂಟರ್‌ಫೇಸ್ ಹಾಕಿದ್ರೂ ಬಹಳ ಕಡೆ ಎರಡೇ ಕಾಣ್ಸುತ್ತೆ, ಇಂಟರ್‌ಫೇಸ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಹೊತ್ಕೊಂಡು ಹೋದೋರಿದಾರೆ. ರೀಪರ್ ಅಂತ ಇದೆ, 60 ದಿನ ದುಡ್ಡಿಲ್ಲದೆ ಬಳಸಿ ನೋಡಬಹುದು, ಅದರಲ್ಲಿ ನಾಲ್ಕೂ ಬೇರೆ ಬೇರೆ ಬರುತ್ತೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರೇ ನಮ್ಮಲ್ಲಿ ಜಾಸ್ತಿ, ತಪ್ಪೇನಿಲ್ಲ, ನಾನೂ ಅದೇ ತಗೊಂಡಿದ್ದು. ಹೋಗುವಾಗ ನಿಮ್ಮದೇ ಮೈಕ್, ನಿಮ್ಮದೇ ಹೆಡ್‌ಫೋನ್, ಒಂದು ಮಲ್ಟಿಮೀಟರ್ ತಗೊಂಡು ಹೋಗಿ. ಮೈಕ್ ಹಾಕಿ, ಸದ್ದಿಲ್ಲದ ಕಡೆ ಇಟ್ಟು, ಗೇನ್ ನಿಧಾನಕ್ಕೆ ಪೂರ್ತಿ ಏರಿಸಿ, ಒಂದೊಂದೇ ಚಾನಲ್ ಕೇಳಿ. ಎಲ್ಲದರಲ್ಲೂ ಒಂದೇ ಸಮ ಮೆಲ್ಲಗೆ ಸ್ಸ್ ಬಂದ್ರೆ ಸರಿ, ಒಂದರಲ್ಲಿ ಮಾತ್ರ ಜಾಸ್ತಿ ಬಂದ್ರೆ ಅಥವಾ ಪಟಪಟ ಅಂದ್ರೆ ಆ ಪ್ರಿಆಂಪಲ್ಲಿ ದೋಷ ಇದೆ. ಗುಂಡಿ ತಿರುಗಿಸುವಾಗ ಕರಕರ ಅಂದ್ರೆ ಒಳಗೆ ಧೂಳು. ಆಮೇಲೆ ಮೈಕ್ ಕಿತ್ತು, ಫ್ಯಾಂಟಮ್ ಆನ್ ಮಾಡಿ, ಎಕ್ಸ್‌ಎಲ್‌ಆರ್ ಕೇಬಲ್ ತುದಿಲಿ ಒಂದನೇ ಪಿನ್ನಿಗೂ ಎರಡನೇ ಪಿನ್ನಿಗೂ ಮೀಟರ್ ಇಟ್ರೆ 48ರ ಹತ್ರ ತೋರಿಸಬೇಕು, ಒಂದಕ್ಕೂ ಮೂರಕ್ಕೂ ಇಟ್ಟಾಗ ಅಷ್ಟೇ ತೋರಿಸಬೇಕು. ಎರಡರಲ್ಲಿ ವ್ಯತ್ಯಾಸ ಬಂದ್ರೆ ಬೇಡ ಅಂತ ಎದ್ದು ಬನ್ನಿ. ಇಷ್ಟಕ್ಕೆ ಹತ್ತು ನಿಮಿಷ ಸಾಕು, ಮಾರೋರು ಹತ್ತು ನಿಮಿಷ ಕೊಡಲ್ಲ ಅಂದ್ರೆ ಅದನ್ನೂ ಒಂದು ಉತ್ತರ ಅಂತ್ಲೇ ತಿಳ್ಕೊಳ್ಳಿ.

ಇನ್ನು ನಿಮ್ಮ ಮೂಲಕ ಒಂದು ಕೋರಿಕೆ. ಒಂದು ನಾಲ್ಕು ಪ್ರಿಆಂಪಿನ ಇಂಟರ್‌ಫೇಸ್, ನಾಲ್ಕು ಮೈಕು, ಸ್ಟ್ಯಾಂಡು, ಕೇಬಲ್, ಇಷ್ಟನ್ನ ಒಂದು ಪೆಟ್ಟಿಗೆಲಿ ಹಾಕಿ ನಮ್ಮ ತುಮಕೂರು ವಿಶ್ವವಿದ್ಯಾನಿಲಯದಲ್ಲಾಗಲೀ ಜಿಲ್ಲಾ ಗ್ರಂಥಾಲಯದಲ್ಲಾಗಲೀ ಇಟ್ಟು, ಹಾಡೋರಿರೋ ಮನೆಯೋರಿಗೆ ಠೇವಣಿ ಇಸ್ಕೊಂಡು ಎರಡು ದಿನಕ್ಕೆ ಕೊಡೋ ವ್ಯವಸ್ಥೆ ಮಾಡಬಹುದು. ಈಗಾಗಲೇ ಎಲ್ಲಾದ್ರೂ ಅಂಥದ್ದು ಇದ್ರೆ ದಯವಿಟ್ಟು ನಿಮ್ಮ ಪತ್ರಿಕೆಲಿ ವಿಳಾಸ ಹಾಕಿ, ಹಟ್ಟಿ ಹಟ್ಟಿಗೂ ಗೊತ್ತಾಗಲಿ. ಶಿರಾ, ಪಾವಗಡ, ಮಧುಗಿರಿ, ಚಿಕ್ಕನಾಯಕನಹಳ್ಳಿ ಕಡೆ ಎಪ್ಪತ್ತು ದಾಟಿದ ಹಾಡುಗಾರರು ಎಷ್ಟು ಜನ ಇದಾರೋ ಅವರ ಮಕ್ಕಳು ಮೊಮ್ಮಕ್ಕಳ ಕೈಲೆಲ್ಲಾ ಮೊಬೈಲ್ ಇದೆ, ಮೊಬೈಲಲ್ಲೂ ಹಿಡೀರಿ, ಏನೂ ಇಲ್ಲದ್ದಕ್ಕಿಂತ ಅದು ಎಷ್ಟೋ ಮೇಲು, ಆದ್ರೆ ಒಂದು ಸಲವಾದ್ರೂ ಸರಿಯಾಗಿ ಕೂರಿಸಿ ಮಾಡಿ. ಹುಡುಗರಿಗೆ ಇದನ್ನೆಲ್ಲಾ ತೋರಿಸಿಕೊಡೋರು ಬೇಕು ಅಂದ್ರೆ ಭಾನುವಾರ ನಾನು ಬರ್ತೀನಿ, ದುಡ್ಡು ಬೇಡ, ಬಸ್ ಚಾರ್ಜೂ ಬೇಡ.

ಮಾವ ಈಗ ನನ್ನ ತಂಗಿ ಮಗನಿಗೆ ಗಣೆ ಕಲಿಸ್ತಿದಾರೆ. ಹುಡುಗನಿಗೆ ಹನ್ನೆರಡು ವರ್ಷ, ಇನ್ನೂ ಅರ್ಧ ಉಸಿರು ಹೊರಗೇ ಹೋಗುತ್ತೆ, ಸ್ವರ ಬಂದಾಗ ಅವನಿಗೇ ಆಶ್ಚರ್ಯ ಆಗಿ ನಿಲ್ಲಿಸಿಬಿಡ್ತಾನೆ. ಹೋದ ತಿಂಗಳು ಇಬ್ಬರನ್ನೂ ಜಗಲಿ ಮೇಲೆ ಕೂರಿಸಿ ರೆಕಾರ್ಡ್ ಮಾಡಿದೆ, ಎರಡು ಮೈಕು, ಒಂದಡಿ ದೂರ, ಎರಡು ಟ್ರ್ಯಾಕ್. ಒಂದರಲ್ಲಿ ಮಾವನ ಹಾಡು, ಇನ್ನೊಂದರಲ್ಲಿ ಹುಡುಗನ ಗಣೆ. ಮಾವ ಹೆಡ್‌ಫೋನ್ ಹಾಕ್ಕೊಂಡು ಮೊದಲು ತಮ್ಮ ಹಾಡು ನಿಲ್ಲಿಸು ಅಂದ್ರು, ನಿಲ್ಲಿಸಿದೆ, ಗಣೆ ಒಂದನ್ನೇ ಮೂರು ಸಲ ಕೇಳಿದ್ರು, ಆಮೇಲೆ ಹುಡುಗನನ್ನ ಹತ್ರ ಕರೆದು ಗಣೆ ಹಿಡಿದಿದ್ದ ಎಡಗೈ ಹೆಬ್ಬೆರಳನ್ನ ಸ್ವಲ್ಪ ಕೆಳಕ್ಕೆ ಸರಿಸಿದ್ರು.

ಕಾಗದ ಉದ್ದ ಆಯ್ತು, ಜಾಗ ಇಲ್ಲ ಅಂದ್ರೆ ನಮ್ಮ ಮನೆ ಕಥೆ ಎಲ್ಲಾ ಕಟ್ ಮಾಡಿ, ಬೇಜಾರಿಲ್ಲ. ಅಂಗಡಿಲಿ ಕೇಳಬೇಕಾದ ಆ ಮೂರು ನಂಬರು, ಅರ್ತಿಂಗ್ ಪಿನ್ನಿನ ಮಾತು, ಇವೆರಡು ಮಾತ್ರ ದಯವಿಟ್ಟು ಉಳಿಸಿ.

ಇತಿ ನಿಮ್ಮ ಓದುಗ,
ಕ್ಯಾತ್ಸಂದ್ರ, ತುಮಕೂರು